7ಕ್ಕಿಂತ 1.1 ದೊಡ್ಡದು: ರೇಡಿಯೇಟರ್ ಮುಚ್ಚಳದ ಕಥೆ

ನನ್ನ ಚಿಕ್ಕಪ್ಪನ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಬಿಳಿಚಿಕೊಂಡ ಒಂದು ಕಲೆ ಇದೆ. ಕೇಳಿದವರಿಗೆಲ್ಲ ಅವರು ಹೇಳುವುದು ಒಂದೇ ಮಾತು: "ಜೀಪು ಕಚ್ಚಿತು."

ಜೀಪು ಮಹೀಂದ್ರಾ ಸಿಜೆ3ಬಿ. ಬಾನೆಟ್ ಎತ್ತರವಾಗಿರುವ ಹಳೇ ಮಾದರಿ, ಪೆಟ್ರೋಲ್ ಇಂಜಿನ್. ಮೂಡಿಗೆರೆ ಕಡೆಯ ನಮ್ಮ ಮನೆಯಿಂದ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದು ಉಜಿರೆಗೆ ಹೋಗಿಬರುವುದು ಅದರ ಖಾಯಂ ಕೆಲಸ. ಇಳಿಯುವಾಗ ತೊಂದರೆಯಿಲ್ಲ. ಹತ್ತುವಾಗ ಮಾತ್ರ ಬೇಸಿಗೆಯಲ್ಲಿ ಒಂದಲ್ಲ ಒಂದು ತಿರುವಿನಲ್ಲಿ ಹೀಟ್ ಆಗುತ್ತಿತ್ತು. ಚಿಕ್ಕಪ್ಪ ಬದಿಗೆ ನಿಲ್ಲಿಸಿ, ಬಾನೆಟ್ ಎತ್ತಿ, ಟವೆಲ್ ಒದ್ದೆ ಮಾಡಿ ರೇಡಿಯೇಟರ್ ಕ್ಯಾಪಿನ ಮೇಲೆ ಹಾಕಿ ಅರ್ಧ ಸುತ್ತು ಸಡಿಲಿಸುತ್ತಿದ್ದರು. "ಸ್ಸ್" ಎಂದು ಆವಿ ಹೋಗುತ್ತಿತ್ತು. ಒಂದು ಬೀಡಿ ಮುಗಿಯುವಷ್ಟು ಹೊತ್ತು ಕಾದು, ಕ್ಯಾನಿನಲ್ಲಿದ್ದ ನೀರು ಹೊಯ್ದು ಮತ್ತೆ ಹೊರಡುವುದು. ಎಷ್ಟೋ ವರ್ಷ ಹಾಗೇ ನಡೆದಿತ್ತು.

ಒಂದು ಬೇಸಿಗೆಯಲ್ಲಿ ಕ್ಯಾಪಿನ ರಬ್ಬರ್ ಸವೆದು ಹೋಯಿತು. ಹಳೇ ಕ್ಯಾಪಿನ ಮೇಲೆ 7 ಎಂಬ ಅಂಕಿ ಇತ್ತು. ಬಿಡಿಭಾಗದ ಅಂಗಡಿಯಲ್ಲಿ ಅಂಥದ್ದು ಇರಲಿಲ್ಲ. ಸರಿಯಾಗಿ ಕೂರುವ ಬೇರೊಂದು ಸಿಕ್ಕಿತು. ಅದರ ಮೇಲೆ 1.1 ಎಂದಿತ್ತು. "ಏಳರ ಬದಲು ಇದು ಆಗ್ತದಾ ಮಾರಾಯ?" ಎಂದು ಚಿಕ್ಕಪ್ಪ ಕೇಳಿದರಂತೆ. "ಏಳಕ್ಕಿಂತ ಕಡಿಮೆಯೇ ಅಲ್ವಾ, ಏನೂ ಆಗಲ್ಲ" ಎಂಬ ಉತ್ತರ ಬಂತು. ಇಬ್ಬರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಒಂದಕ್ಕಿಂತ ಏಳು ದೊಡ್ಡದು ಎಂದು ಯಾರಾದರೂ ಹೇಳುತ್ತಾರೆ.

ಮೂರು ವಾರದ ನಂತರ ಘಾಟಿಯಲ್ಲಿ ಎಂದಿನಂತೆ ಒದ್ದೆ ಟವೆಲ್ ಹಾಕಿ ಕ್ಯಾಪ್ ಸಡಿಲಿಸಿದಾಗ "ಸ್ಸ್" ಎನ್ನಲಿಲ್ಲ. ಟವೆಲ್ ಸಮೇತ ಕ್ಯಾಪ್ ಹಾರಿತು. ಕೈ ಬೆಂದಿತು. ಮುಖ ಪಕ್ಕಕ್ಕಿದ್ದದ್ದು ನಮ್ಮ ಪುಣ್ಯ.

ಆ ಎರಡು ಅಂಕಿಗಳ ನಡುವೆ ಇರುವುದು ನೂರಕ್ಕೂ ಹೆಚ್ಚು ವರ್ಷಗಳ ಕಥೆ. ಅದನ್ನು ನಾನು ಹುಡುಕಿಕೊಂಡು ಓದಿದ್ದು ಚಿಕ್ಕಪ್ಪನ ಕೈಗೆ ಪಟ್ಟಿ ಕಟ್ಟಿದ ಮೇಲೆ.

ಮೊದಲ ಕಾರುಗಳಲ್ಲಿ ಕ್ಯಾಪಿನ ಒತ್ತಡ ಎಂಬ ಪ್ರಶ್ನೆಯೇ ಇರಲಿಲ್ಲ. ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಚಕ್ರದ ಗಾಡಿಯಲ್ಲಿ ಇಂಜಿನ್ ಸುತ್ತಲಿನ ನೀರು ಕುದಿದು ಆವಿಯಾಗಿ ಗಾಳಿಗೆ ಸೇರುತ್ತಿತ್ತು. ಆವಿಯ ಜೊತೆ ಶಾಖವೂ ಹೋಗುತ್ತಿತ್ತು. ಲೆಕ್ಕ ಸರಿ, ಆದರೆ ನೀರು ಖಾಲಿಯಾಗುತ್ತಲೇ ಇರುತ್ತದೆ. 1888ರ ಆಗಸ್ಟ್‌ನಲ್ಲಿ ಅವನ ಹೆಂಡತಿ ಬರ್ತಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಆ ಗಾಡಿಯನ್ನು ಓಡಿಸಿಕೊಂಡು ಹೋದಳು. ನೂರು ಕಿಲೋಮೀಟರಿಗೂ ಹೆಚ್ಚು ದೂರ. ಇಂಧನಕ್ಕೆ ವೀಸ್‌ಲೋಖ್ ಊರಿನ ಔಷಧದಂಗಡಿಯಲ್ಲಿ ನಿಂತದ್ದು ಪ್ರಸಿದ್ಧ ಕಥೆ. ನೀರಿಗೆ ಎಷ್ಟು ಕಡೆ ನಿಂತಳೋ ಲೆಕ್ಕವಿಲ್ಲ. ಹಳ್ಳ, ಬಾವಿ, ಸಿಕ್ಕಲ್ಲೆಲ್ಲ. ಘಾಟಿಯಲ್ಲಿ ಕ್ಯಾನ್ ಹಿಡಿದು ನೀರು ಹುಡುಕುವ ನಮ್ಮ ಚಾಲಕರ ಮೂಲಪುರುಷ ಒಬ್ಬ ಹೆಂಗಸು ಎನ್ನಬಹುದು.

ನೀರನ್ನು ಕಳೆದುಕೊಳ್ಳದೆ ತಂಪು ಮಾಡಿ ಮತ್ತೆ ಬಳಸುವ ದಾರಿ ಗಟ್ಟಿಯಾದದ್ದು 1901ರ ಹೊತ್ತಿಗೆ. ಡೈಮ್ಲರ್ ಕಂಪನಿಯ ವಿಲ್ಹೆಲ್ಮ್ ಮೇಬಾಖ್ ಮೊದಲ ಮರ್ಸಿಡಿಸ್ ಕಾರಿಗೆ ಜೇನುಗೂಡಿನಂಥ ರೇಡಿಯೇಟರ್ ಮಾಡಿದ. 8,070 ಸಣ್ಣ ನಳಿಗೆಗಳನ್ನು ಒಟ್ಟಿಗೆ ಬೆಸುಗೆ ಹಾಕಿದ್ದು. ಗಾಳಿ ತಾಗುವ ಮೈ ಹೆಚ್ಚಿದ್ದರಿಂದ ಒಂಬತ್ತು ಲೀಟರ್ ನೀರು ಸಾಕಾಯಿತು. ಬೆಸುಗೆ ಎಂಬ ಈ ಪದವನ್ನು ನೆನಪಿಟ್ಟುಕೊಳ್ಳಿ. ಚಿಕ್ಕಪ್ಪನ ಜೀಪು ಸೋತದ್ದು ಅಲ್ಲೇ.

ಆಮೇಲೆ ಬಂದ ಫೋರ್ಡ್ ಮಾಡೆಲ್ ಟಿ (1908ರಿಂದ 1927) ಹಳ್ಳಿಯವರ ಕಾರು. ಮೊದಲ ಸುಮಾರು 2,500 ಗಾಡಿಗಳ ನಂತರ ಅದರಲ್ಲಿ ನೀರಿನ ಪಂಪೇ ಇರಲಿಲ್ಲ. ಬಿಸಿನೀರು ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಆ ಗುಣದಿಂದಲೇ ನೀರು ಇಂಜಿನ್ ಮತ್ತು ರೇಡಿಯೇಟರ್ ನಡುವೆ ಸುತ್ತುತ್ತಿತ್ತು. ನಮ್ಮ ಬಚ್ಚಲ ಹಂಡೆಯಲ್ಲಿ ನಡೆಯುವುದೂ ಇದೇ. ಏರುದಾರಿಯಲ್ಲಿ ಅದು ಕುದಿಯುವುದು ಮಾಮೂಲು. ಮುಚ್ಚಳದ ಕೆಲಸ ಧೂಳು ಒಳಗೆ ಹೋಗದಂತೆ, ನೀರು ತುಳುಕದಂತೆ ನೋಡಿಕೊಳ್ಳುವುದು, ಅಷ್ಟೇ. ಹೀಗಾಗಿ ಆ ಕಾಲದಲ್ಲಿ ಮುಚ್ಚಳ ಅಲಂಕಾರದ ಜಾಗವಾಯಿತು. 1911ರಿಂದ ರೋಲ್ಸ್ ರಾಯ್ಸ್ ಕಾರುಗಳ ಮೇಲೆ ನಿಂತ ರೆಕ್ಕೆಯ ಹೆಣ್ಣು ನಿಂತದ್ದು ರೇಡಿಯೇಟರ್ ಮುಚ್ಚಳದ ಮೇಲೆಯೇ. ಸ್ವಲ್ಪ ಉಪಯೋಗದ ಅಲಂಕಾರವೂ ಇತ್ತು: ಬಾಯ್ಸ್ ಮೋಟೋಮೀಟರ್ ಎಂಬ ಉಷ್ಣಮಾಪಕವನ್ನು ಮುಚ್ಚಳಕ್ಕೇ ಕೂರಿಸುತ್ತಿದ್ದರು. ಚಾಲಕ ಕುಳಿತಲ್ಲಿಂದಲೇ ಗಾಜಿನಾಚೆ ಕೆಂಪು ಗೆರೆ ಎಷ್ಟು ಏರಿದೆ ಎಂದು ನೋಡಬಹುದಿತ್ತು.

ಮುಚ್ಚಳವನ್ನು ಬಿಗಿ ಮಾಡಿದರೆ ನೀರು ತಡವಾಗಿ ಕುದಿಯುತ್ತದೆ ಎಂಬ ವಿಷಯ ಹೊಸದೇನಲ್ಲ. ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವೈದ್ಯ 1679ರಲ್ಲೇ ಲಂಡನ್ನಿನಲ್ಲಿ ಬಿಗಿ ಮುಚ್ಚಳದ ಪಾತ್ರೆಯಲ್ಲಿ ಎಲುಬನ್ನು ಮೆತ್ತಗೆ ಬೇಯಿಸಿ ತೋರಿಸಿದ್ದ. ಪಾತ್ರೆ ಸಿಡಿಯಬಾರದೆಂದು ಒತ್ತಡ ಹೆಚ್ಚಾದರೆ ತೆರೆದುಕೊಳ್ಳುವ ಕವಾಟವನ್ನೂ ಮಾಡಿದ. ನಮ್ಮ ಮನೆಯ ಕುಕ್ಕರಿನ ಅಜ್ಜ ಅದು. ಸಾಮಾನ್ಯ ಕುಕ್ಕರಿನ ವಿಷಲ್ ಏಳುವುದು ಹೊರಗಿನ ಗಾಳಿಯ ಒತ್ತಡಕ್ಕಿಂತ ಚದರ ಅಂಗುಲಕ್ಕೆ ಸುಮಾರು 15 ಪೌಂಡ್ ಹೆಚ್ಚಾದಾಗ. ಆಗ ಒಳಗಿನ ನೀರು 120 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಹಾಗಾಗಿ ಬೇಳೆ ಬೇಗ ಬೇಯುತ್ತದೆ.

ಇಷ್ಟು ಗೊತ್ತಿದ್ದೂ ಕಾರಿನವರು ಕಾದದ್ದಕ್ಕೆ ಕಾರಣ ಸರಳ. ಕುಕ್ಕರ್ ದಪ್ಪ ಲೋಹದ ಒಂದೇ ಪಾತ್ರೆ. ರೇಡಿಯೇಟರ್ ಎಂದರೆ ಕಾಗದದಂಥ ತೆಳು ಹಿತ್ತಾಳೆ, ತಾಮ್ರ, ಅದನ್ನು ಹಿಡಿದಿಟ್ಟ ಸೀಸ-ತವರದ ಬೆಸುಗೆ, ಬಟ್ಟೆ ಮತ್ತು ರಬ್ಬರಿನ ಕೊಳವೆ. ಮುಂದೆ ಬಂದವರು ವಿಮಾನದವರು. ಎತ್ತರ ಏರಿದಷ್ಟೂ ನೀರು ಬೇಗ ಕುದಿಯುವುದರಿಂದ ತೊಂದರೆ ಮೊದಲು ಕಂಡದ್ದೂ ಅವರಿಗೇ. 1934ರಲ್ಲಿ ಹಾರಿದ ಸೂಪರ್‌ಮೆರೀನ್ ಟೈಪ್ 224 ಎಂಬ ಬ್ರಿಟಿಷ್ ವಿಮಾನದಲ್ಲಿ ನೀರನ್ನು ಕುದಿಯಲು ಬಿಟ್ಟು, ಆವಿಯನ್ನು ರೆಕ್ಕೆಯಲ್ಲಿ ತಣಿಸಿ ಮತ್ತೆ ನೀರು ಮಾಡುವ ವ್ಯವಸ್ಥೆ ಇತ್ತು. ಅದು ಕಾಟ ಕೊಟ್ಟಿತು. ಮುಂದೆ ಸ್ಪಿಟ್‌ಫೈರ್‌ಗೆ ಬಂದ ಮರ್ಲಿನ್ ಇಂಜಿನ್ನಿಗೆ ಮೊದಲು ಬರೀ ಗ್ಲೈಕಾಲ್, ಆಮೇಲೆ ಒತ್ತಡದಲ್ಲಿಟ್ಟ ನೀರು-ಗ್ಲೈಕಾಲ್ ಮಿಶ್ರಣ ಹಾಕಿದರು. ಕುದಿಸಿ ತಣಿಸುವುದಕ್ಕಿಂತ ಕುದಿಯದಂತೆ ಒತ್ತಿಡುವುದು ಮೇಲು ಎಂಬುದು ಅಲ್ಲಿಗೆ ತೀರ್ಮಾನವಾಯಿತು.

ಕಾರುಗಳಿಗೂ ಆ ಹೊತ್ತಿಗೇ ಒತ್ತಡದ ಮುಚ್ಚಳ ಬರತೊಡಗಿತ್ತು. ಬಾನೆಟ್ಟುಗಳು ತಗ್ಗಾಗುತ್ತಿದ್ದವು, ಮೂತಿ ಕಿರಿದಾಗುತ್ತಿತ್ತು, ದೊಡ್ಡ ರೇಡಿಯೇಟರಿಗೆ ಜಾಗವಿರಲಿಲ್ಲ. ನೀರು ಎಷ್ಟು ಬಿಸಿಯೋ ಅಷ್ಟು ಬೇಗ ಅದು ಗಾಳಿಗೆ ಶಾಖ ಬಿಟ್ಟುಕೊಡುತ್ತದೆ. ಕುದಿಯದೆ ಹೆಚ್ಚು ಬಿಸಿಯಾಗಲು ಬಿಟ್ಟರೆ ಸಣ್ಣ ರೇಡಿಯೇಟರೂ ಸಾಕು. ಆದರೆ ಬೆಸುಗೆ ತಡೆಯುವಷ್ಟೇ ಒತ್ತಡ ಕೊಡಬೇಕು. ಹೀಗಾಗಿ ಮೊದಲ ಅಂಕಿಗಳು ಬಹಳ ವಿನಯದವು. ಎರಡನೇ ಮಹಾಯುದ್ಧದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದರಲ್ಲ, ಅದರ ಕ್ಯಾಪ್ ತೆರೆಯುತ್ತಿದ್ದದ್ದು ಸುಮಾರು 4 ಪೌಂಡಿಗೆ. ಮುಂಬೈನಲ್ಲಿ ಮಹೀಂದ್ರಾದವರು ಸ್ವಾತಂತ್ರ್ಯದ ಆಸುಪಾಸಿನಲ್ಲಿ ಜೋಡಿಸಲು ಶುರುಮಾಡಿದ್ದು ಇದೇ ವಂಶದ ಗಾಡಿ.

ನಾಲ್ಕು ಪೌಂಡು ಎಂದರೆ ಏನು ಸಿಕ್ಕಿತು? ಸಮುದ್ರಮಟ್ಟದಲ್ಲಿ ತೆರೆದ ನೀರು 100 ಡಿಗ್ರಿಗೆ ಕುದಿಯುತ್ತದೆ. ಒಂದೊಂದು ಪೌಂಡಿಗೂ ಒಂದೂವರೆ ಡಿಗ್ರಿಗಿಂತ ತುಸು ಹೆಚ್ಚು ಮೇಲೇರುತ್ತದೆ. ನಾಲ್ಕಕ್ಕೆ 107, ಏಳಕ್ಕೆ 111ರ ಆಸುಪಾಸು. ನಮ್ಮ ಘಟ್ಟದ ಮೇಲಿನ ಲೆಕ್ಕ ಬೇರೆ. ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡವೇ ಕಡಿಮೆ. ತೆರೆದ ನೀರು ಅಲ್ಲಿ 97 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳದ ಮೇಲಿನ ಅಂಕಿ ಹೊರಗಿನ ಗಾಳಿಯ ಮೇಲೆ ಎಷ್ಟು ಹೆಚ್ಚುವರಿ ಎಂಬುದನ್ನಷ್ಟೇ ಹೇಳುವುದರಿಂದ, ಅಲ್ಲಿ 4 ಪೌಂಡಿಗೆ 104, 7ಕ್ಕೆ 109. ಘಾಟಿ ಹತ್ತುವ ಗಾಡಿಗೆ ಎರಡು ಕಡೆಯಿಂದ ಪೆಟ್ಟು: ಇಂಜಿನ್ನಿಗೆ ಹೆಚ್ಚು ಕೆಲಸ, ನೀರಿಗೆ ಕಡಿಮೆ ತಾಳ್ಮೆ. ಮೇಲಿನ ತಿರುವುಗಳಲ್ಲೇ ಗಾಡಿಗಳು ಯಾಕೆ ಹೊಗೆಯಾಡುತ್ತವೆ ಎಂಬುದು ನನಗೆ ಆಗ ಹೊಳೆಯಿತು.

ಕ್ಯಾಪನ್ನು ತಿರುಗಿಸಿ ಒಳಗೆ ನೋಡಿ (ಇಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ). ದೊಡ್ಡ ಸ್ಪ್ರಿಂಗ್ ಒಂದು ರಬ್ಬರ್ ಬಿಲ್ಲೆಯನ್ನು ಒತ್ತಿ ಹಿಡಿದಿರುತ್ತದೆ. ಅಂಕಿಯಷ್ಟು ಒತ್ತಡ ಬಂದಾಗ ಅದು ಮೇಲೆದ್ದು ಹೆಚ್ಚಿನ ನೀರನ್ನು ಪಕ್ಕದ ಸಣ್ಣ ಕೊಳವೆಗೆ ಬಿಡುತ್ತದೆ. ಬಿಲ್ಲೆಯ ನಡುವೆ ಇನ್ನೊಂದು ಪುಟ್ಟ ಕವಾಟ ಇದೆ, ಅದು ಒಳಮುಖವಾಗಿ ತೆರೆಯುವುದು. ರಾತ್ರಿ ಇಂಜಿನ್ ತಣಿದಾಗ ನೀರು ಕುಗ್ಗಿ ಒಳಗೆ ನಿರ್ವಾತ ಆಗುತ್ತದೆ. ಆಗ ಇದು ತೆರೆದುಕೊಂಡು ಗಾಳಿಯನ್ನೋ, ಬಾಟಲಿ ಇರುವ ಗಾಡಿಯಾದರೆ ನೀರನ್ನೋ ಒಳಕ್ಕೆ ಬಿಡುತ್ತದೆ. ಈ ಪುಟ್ಟ ಕವಾಟ ಅಂಟಿಕೊಂಡರೆ ಬೆಳಿಗ್ಗೆ ರಬ್ಬರ್ ಕೊಳವೆ ಚಪ್ಪಟೆಯಾಗಿರುತ್ತದೆ. ಅಂಥ ಕೊಳವೆ ಕಂಡು ಕೊಳವೆಯನ್ನೇ ಬದಲಾಯಿಸಿದವರು ಬೇಕಾದಷ್ಟು ಜನ ಇದ್ದಾರೆ.

ಅಂಕಿ ಅಲ್ಲಿಗೆ ನಿಲ್ಲಲಿಲ್ಲ. ರೇಡಿಯೇಟರ್ ಮಾಡುವ ಕೌಶಲ ಬೆಳೆದಂತೆ ಏರುತ್ತ ಹೋಯಿತು. ಇಂಗ್ಲೆಂಡಿನ ಎಂಜಿಬಿ ಕಾರಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ: 1962ರಲ್ಲಿ ಬಂದಾಗ 7 ಪೌಂಡಿನ ಕ್ಯಾಪ್, ಆಮೇಲೆ 10, ಕೊನೆಯ ವರ್ಷಗಳಲ್ಲಿ 13ರ ಸುತ್ತ. ಇಂಜಿನ್ ಉದ್ದಕ್ಕೂ ಒಂದೇ ಮನೆತನದ್ದು. ನಮ್ಮ ಅಂಬಾಸಿಡರ್‌ನ 1,489 ಸಿಸಿ ಇಂಜಿನ್ ಕೂಡ ಅದೇ ಮನೆತನ. ಹೀಗಾಗಿ "ಈ ಇಂಜಿನ್ನಿಗೆ ಎಷ್ಟು ಪೌಂಡು" ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಯಾವ ವರ್ಷದ ಗಾಡಿ, ಯಾವ ರೇಡಿಯೇಟರ್ ಎಂದೂ ಕೇಳಬೇಕು. 1961ರಲ್ಲಿ ಫ್ರಾನ್ಸಿನ ರೆನೋ 4 ಪೂರ್ತಿ ಮುಚ್ಚಿದ ವ್ಯವಸ್ಥೆಯೊಂದಿಗೆ ಬಂತು. ಹೊರಗೆ ಹೋದ ನೀರು ಒಂದು ಬಾಟಲಿಯಲ್ಲಿ ನಿಂತು ಮತ್ತೆ ಒಳಗೆ ಬರುವಂತೆ. ಮುಂದೆ ಅಲ್ಯೂಮಿನಿಯಂ ಕೋರ್, ಪ್ಲಾಸ್ಟಿಕ್ ಟ್ಯಾಂಕಿನ ರೇಡಿಯೇಟರುಗಳು ಬಂದವು. ಅವುಗಳಿಗೆ 13, 15 ಪೌಂಡು ಭಾರವಲ್ಲ.

ಈ ಏರಿಕೆಯ ನಡುವೆ ಅಳತೆಯೂ ಬದಲಾಯಿತು. ನಮ್ಮಲ್ಲಿ ಮೆಟ್ರಿಕ್ ಪದ್ಧತಿಯ ಕಾನೂನು ಬಂದದ್ದು 1956ರಲ್ಲಿ. ಸೇರು, ಮಣ, ಮೈಲಿ ನಿಧಾನಕ್ಕೆ ಹೋದವು. ಗಾಡಿಯ ಲೋಕದಲ್ಲಿ ಮಾತ್ರ ಪೌಂಡು ಇವತ್ತಿಗೂ ಹೋಗಿಲ್ಲ. ಪಂಕ್ಚರ್ ಅಂಗಡಿಯಲ್ಲಿ "ಮೂವತ್ತು ಪಾಯಿಂಟ್ ಗಾಳಿ" ಎಂದರೆ ಅದು ಪೌಂಡಿನ ಲೆಕ್ಕವೇ. ಆದರೆ ಜಪಾನಿ ವಿನ್ಯಾಸದ ಕಾರುಗಳ ಜೊತೆ ಬಂದ ಕ್ಯಾಪುಗಳ ಮೇಲೆ ಇರುವುದು ಚದರ ಸೆಂಟಿಮೀಟರಿಗೆ ಕಿಲೋಗ್ರಾಂ ಲೆಕ್ಕ. ಅಂಥವುಗಳ ಮೇಲೆ ಹೆಚ್ಚಾಗಿ ಕಾಣುವ ಅಂಕಿಗಳು 0.9 ಮತ್ತು 1.1. ಅಂಥ ಒಂದು ಕಿಲೋ ಎಂದರೆ 14.2 ಪೌಂಡು. 0.9 ಎಂದರೆ ಸುಮಾರು 13 ಪೌಂಡು. 1.1 ಎಂದರೆ ಹದಿನೈದೂವರೆ ದಾಟಿತು. ಕೆಲವು ಕ್ಯಾಪುಗಳ ಮೇಲೆ 88 ಅಥವಾ 108 ಎಂದಿರುತ್ತದೆ, ಅದು ಕಿಲೋಪಾಸ್ಕಲ್, ಅದೇ 0.9, ಅದೇ 1.1. ಅಂಕಿಯ ಪಕ್ಕದಲ್ಲಿ ಘಟಕ ಬರೆದಿದ್ದರೆ ಪುಣ್ಯ. ಎಷ್ಟೋ ಸಲ ಬರೀ ಅಂಕಿ ಇರುತ್ತದೆ.

ಅಂದರೆ ಚಿಕ್ಕಪ್ಪ ಮೂರು ವಾರ ಜೀಪಿನ ಮೂತಿಯಲ್ಲಿ ಒಂದು ಕುಕ್ಕರ್ ಹೊತ್ತುಕೊಂಡು ಘಾಟಿ ಹತ್ತಿದ್ದರು.

ನಡೆದದ್ದು ಏನೆಂದು ಆಮೇಲೆ ರೇಡಿಯೇಟರ್ ಬಿಚ್ಚಿದಾಗ ಗೊತ್ತಾಯಿತು. ಏಳು ಪೌಂಡಿಗೆ ಬಿಡುಗಡೆ ಆಗಬೇಕಿದ್ದ ಒತ್ತಡಕ್ಕೆ ದಾರಿ ಇರಲಿಲ್ಲ. ಮೇಲಿನ ಟ್ಯಾಂಕು ಕೋರಿಗೆ ಕೂಡುವ ಜಾಗದ ಬೆಸುಗೆ ಕೂದಲೆಳೆಯಷ್ಟು ಬಿಟ್ಟಿತ್ತು. ಪ್ರತಿ ಏರಿಕೆಯಲ್ಲೂ ಅಲ್ಲಿಂದ ನೀರು ಒಸರಿ, ಬಿಸಿಗೆ ಅಲ್ಲೇ ಒಣಗಿ, ಬಿಳಿ ಗೆರೆ ಕಟ್ಟಿತ್ತು. ನೆಲಕ್ಕೆ ಒಂದು ಹನಿಯೂ ಬೀಳದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ನೀರು ಕಡಿಮೆಯಾಯಿತು, ಆ ದಿನ ಎಂದಿಗಿಂತ ಹೆಚ್ಚು ಹೀಟ್ ಆಯಿತು. ಒಸರುವ ಸಂದು ಸಣ್ಣದು, ಒತ್ತಡ ಇಳಿಸುವಷ್ಟಿಲ್ಲ. ಕ್ಯಾಪ್ ತೆರೆದಾಗ ಒಳಗಿದ್ದ ನೀರು 120 ಡಿಗ್ರಿಯ ಹತ್ತಿರ ಇದ್ದಿರಬೇಕು. ಒತ್ತಡ ಒಮ್ಮೆಲೇ ಹೋದರೆ ಅಷ್ಟು ಬಿಸಿ ನೀರು ನೀರಾಗಿ ಉಳಿಯುವುದಿಲ್ಲ. ನೂರರಲ್ಲಿ ನಾಲ್ಕು ಪಾಲು ಕಣ್ಣುಮಿಟುಕಿಸುವುದರಲ್ಲಿ ಆವಿಯಾಗುತ್ತದೆ. ನಾಲ್ಕು ಪಾಲು ತಾನೇ ಎನ್ನಬೇಡಿ: ಒಂದು ಲೀಟರ್ ನೀರು ಆವಿಯಾದರೆ 1,600 ಲೀಟರಿಗೂ ಹೆಚ್ಚು ಜಾಗ ಬೇಕು. ಆ ಆವಿ ಉಳಿದ ಕುದಿನೀರನ್ನು ಎತ್ತಿಕೊಂಡು ಬರುತ್ತದೆ. ಏಳು ಪೌಂಡಿಗೆ ಸಾಕಾಗುತ್ತಿದ್ದ ಒದ್ದೆ ಟವೆಲ್ ಇಲ್ಲಿ ಏನೂ ಅಲ್ಲ. ಏಳು ಪೌಂಡಿನದ್ದೂ ಬಿಸಿಯಿರುವಾಗ ತೆರೆಯುವ ವಸ್ತುವಲ್ಲ, ಅದು ಬೇರೆ ಮಾತು. ಮೇಲಿನ ಕೊಳವೆಯನ್ನು ಕೈಯಲ್ಲಿ ಹಿಸುಕಿದಾಗ ಮೆತ್ತಗಿದ್ದು, ಮುಟ್ಟಿದರೆ ಸುಡದಷ್ಟು ತಣಿದ ಮೇಲೆಯೇ ತೆರೆಯಬೇಕು.

ಬೆಸುಗೆ ಹಾಕಿಕೊಟ್ಟ ಹಿರಿಯರೊಬ್ಬರು ಕೆಲಸ ಮಾಡುತ್ತಲೇ ನನಗೆ ಪಾಠ ಹೇಳಿದರು. ಜನ ಕ್ಯಾಪಿನ ಅಂಕಿ ಹೆಚ್ಚಿದ್ದರೆ ಇಂಜಿನ್ ತಂಪಾಗಿರುತ್ತದೆ ಎಂದುಕೊಳ್ಳುತ್ತಾರಂತೆ. ಕ್ಯಾಪ್ ತಂಪು ಮಾಡುವುದಿಲ್ಲ. ಅದು ಕುದಿಯುವುದನ್ನು ಮುಂದೂಡುತ್ತದೆ, ಅಷ್ಟೇ. ಕೋರಿನೊಳಗೆ ಹೂಳು ಕಟ್ಟಿದ್ದರೆ, ಫ್ಯಾನ್ ಬೆಲ್ಟ್ ಸಡಿಲಾಗಿದ್ದರೆ, ದೊಡ್ಡ ಕ್ಯಾಪ್ ಹಾಕುವುದು ಜ್ವರಕ್ಕೆ ಕಂಬಳಿ ಹೊದಿಸಿದ ಹಾಗೆ. ಕಡಿಮೆ ಅಂಕಿಯದ್ದು ಹಾಕಿದರೂ ಕಷ್ಟವಿದೆ: ಬೇಗ ಉಕ್ಕಿ ನೀರು ಹೊರಹೋಗುತ್ತದೆ, ಎಕ್ಸಾಸ್ಟ್ ವಾಲ್ವಿನ ಸುತ್ತ ಆವಿಯ ಗುಳ್ಳೆ ಕಟ್ಟಿ ಹೆಡ್ ಗ್ಯಾಸ್ಕೆಟ್‌ಗೆ ಪೆಟ್ಟಾಗುತ್ತದೆ. ಆದರೂ ಸಂಶಯವಿದ್ದರೆ ತುಸು ಕಡಿಮೆಯದ್ದೇ ಹಾಕು ಎಂದರು. ನೀರು ಉಕ್ಕಿದರೆ ಕಣ್ಣಿಗೆ ಕಾಣುತ್ತದೆ, ಬೆಸುಗೆ ಬಿಟ್ಟರೆ ಕಾಣುವುದಿಲ್ಲ.

ಇನ್ನೊಂದು ವಿಷಯವನ್ನು ಅವರು ಎರಡು ಕ್ಯಾಪುಗಳನ್ನು ಮಗುಚಿ ಪಕ್ಕಪಕ್ಕ ಇಟ್ಟು ತೋರಿಸಿದರು. ಮೇಲಿಂದ ಎರಡೂ ಒಂದೇ. ಒಳಗಿನ ಬಿಲ್ಲೆ ಒಂದರಲ್ಲಿ ಮುಕ್ಕಾಲು ಅಂಗುಲ ಇಳಿಯುತ್ತದೆ, ಇನ್ನೊಂದರಲ್ಲಿ ಒಂದು ಅಂಗುಲ. ಆಳದ ಕೊರಳಿಗೆ ಗಿಡ್ಡ ಕ್ಯಾಪ್ ಹಾಕಿದರೆ ಬಿಲ್ಲೆ ಕೂರುವುದೇ ಇಲ್ಲ. ಅಂಕಿ ಏಳಿದ್ದರೂ ಒತ್ತಡ ಸೊನ್ನೆ. ಗಿಡ್ಡ ಕೊರಳಿಗೆ ಉದ್ದದ್ದು ಹಾಕಿದರೆ ಸ್ಪ್ರಿಂಗ್ ಮೊದಲೇ ಅದುಮಿಕೊಂಡು, ಬರೆದದ್ದಕ್ಕಿಂತ ಹೆಚ್ಚು ಒತ್ತಡಕ್ಕೆ ತೆರೆಯುತ್ತದೆ. ಹಳೇ ಇಂಗ್ಲಿಷ್ ಗಾಡಿಗಳಲ್ಲಿ ಈ ಎರಡೂ ಬಗೆ ಇವೆ. ಆದ್ದರಿಂದ ಹೊಸದು ತರುವಾಗ ಹಳೇ ಕ್ಯಾಪನ್ನು ಜೇಬಿನಲ್ಲಿ ಹಾಕಿಕೊಂಡೇ ಹೋಗಬೇಕು. ಹಳೆಯದೇ ಸರಿಯಾದದ್ದೋ ಎಂದು ಗಾಡಿಯ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು, ಯಾಕೆಂದರೆ ನಮ್ಮ ಹಿಂದಿನ ಯಜಮಾನನೂ ಒಬ್ಬ ಚಿಕ್ಕಪ್ಪನಾಗಿರಬಹುದು. ಡೀಸೆಲ್ ಇಂಜಿನ್ ಕೂರಿಸಿದ ಜೀಪುಗಳದ್ದು ಇನ್ನೂ ಗೋಜಲು. ಇಂಜಿನ್ ಒಂದು ಅಂಕಿ ಕೇಳುತ್ತದೆ, ಹಳೇ ರೇಡಿಯೇಟರ್ ಇನ್ನೊಂದನ್ನು ತಡೆಯುತ್ತದೆ. ಅಲ್ಲಿ ರೇಡಿಯೇಟರ್ ಮಾತು ಕೇಳಬೇಕು, ಇಲ್ಲವೇ ರೇಡಿಯೇಟರನ್ನೇ ಬದಲಾಯಿಸಬೇಕು.

ಕೈ ವಾಸಿಯಾಗಲು ಎರಡು ತಿಂಗಳು ಹಿಡಿಯಿತು. ಜೀಪಿಗೆ ಸರಿಯಾದ ಕ್ಯಾಪನ್ನು ಕೊನೆಗೆ ನಾನೇ ಬೆಂಗಳೂರಿನಿಂದ ತಂದೆ. ಅದರ ಮೇಲೆ ಇದ್ದದ್ದು 0.5. ಪೌಂಡಿನಲ್ಲಿ ಹೇಳಿದರೆ ಏಳು, ಚೂರುಪಾರು ವ್ಯತ್ಯಾಸ. ಚಿಕ್ಕಪ್ಪ ಕನ್ನಡಕ ಏರಿಸಿ ಅಂಕಿ ಓದಿದರು, ನನ್ನ ಮುಖ ನೋಡಿದರು, ಮತ್ತೆ ಅಂಕಿ ಓದಿದರು.

"ಏಳು ತಾ ಅಂದ್ರೆ ಅರ್ಧ ತಂದಿದ್ದೀಯಲ್ಲೋ" ಎಂದರು.

ಲೆಕ್ಕ ಬಿಡಿಸಿ ಹೇಳಿದೆ. ಒಪ್ಪಿದಂತೆ ತಲೆಯಾಡಿಸಿದರು. ಮರುದಿನ ಬೆಳಿಗ್ಗೆ ನೋಡಿದರೆ ರೇಡಿಯೇಟರಿನ ಮೇಲಿನ ಟ್ಯಾಂಕಿಗೆ ಬಿಳಿ ಪೇಂಟಿನಲ್ಲಿ "7 ಪೌಂಡ್ = 0.5" ಎಂದು ಬರೆದಿತ್ತು. ಅದರ ಕೆಳಗೆ 1.1 ಎಂದು ಬರೆದು, ಮೇಲೊಂದು ಗೆರೆ ಎಳೆದಿದ್ದರು.